ಮೈಕೊಅಲರ್ಟ್ ಕಿಟ್: ಸೆಲ್ಸ್ ಮೇಲೆ ಡೌಟ್ ಬಂದ ದಿನಾನೇ ಉತ್ತರ

ಲ್ಯಾಬಲ್ಲಿ ಬೆಳೆಸೋ ಸೆಲ್ಸ್ (ಜೀವಕೋಶಗಳು) ಇದ್ದಕ್ಕಿದ್ದಂಗೆ ನಿಧಾನಕ್ಕೆ ಬೆಳೆಯೋಕೆ ಶುರು ಮಾಡ್ತವೆ, ಟ್ರಾನ್ಸ್‌ಫೆಕ್ಷನ್ (ಸೆಲ್ಸ್ ಒಳಗೆ ಹೊರಗಿನ ಡಿಎನ್ಎ ಸೇರಿಸೋದು) ಕೈಕೊಡುತ್ತೆ, ಆದ್ರೆ ಫ್ಲಾಸ್ಕ್ ಎತ್ತಿ ನೋಡಿದ್ರೆ ಮೀಡಿಯಾ (ಸೆಲ್ಸ್ ಬೆಳೆಯೋ ಪೋಷಕ ದ್ರವ) ತಿಳಿಯಾಗೇ ಇರುತ್ತೆ, ಮೈಕ್ರೋಸ್ಕೋಪಲ್ಲೂ ಏನೂ ಕಾಣಲ್ಲ. ಮಾಮೂಲಿ ಬ್ಯಾಕ್ಟೀರಿಯಾ ಆಗಿದ್ರೆ ಬೆಳಗಾಗೋದ್ರೊಳಗೆ ಮೀಡಿಯಾ ಹಳದಿಯಾಗಿ ಕದಡಿ ಹೋಗಿರ್ತಿತ್ತು, ಫಂಗಸ್ ಆಗಿದ್ರೆ ಹತ್ತಿ ಎಳೆ ಥರ ತೇಲ್ತಿತ್ತು. ಇವೆರಡೂ ಇಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಮೈಕೊಪ್ಲಾಸ್ಮಾ ಅನ್ನೋ ತೀರಾ ಚಿಕ್ಕ ಬ್ಯಾಕ್ಟೀರಿಯಾ ಮೇಲೆ. ಇದಕ್ಕೆ ಸೆಲ್ ವಾಲೇ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟಲ್ಲ, 0.2 ಮೈಕ್ರಾನ್ ಫಿಲ್ಟರಲ್ಲೂ ನುಸುಳುತ್ತೆ, ಒಂದು ಮಿಲಿಲೀಟರಲ್ಲಿ ಕೋಟಿಗಟ್ಟಲೆ ಇದ್ರೂ ಮೀಡಿಯಾ ಕದಡಲ್ಲ. 1956ರಲ್ಲೇ ಹೀಲಾ ಅನ್ನೋ ಮನುಷ್ಯರ ಸೆಲ್ಸ್‌ನಲ್ಲಿ ಸಿಕ್ಕಿತ್ತು, ಇವತ್ತಿಗೂ ಲ್ಯಾಬ್‌ಗಳನ್ನ ಬಿಟ್ಟಿಲ್ಲ.

ಈ ಮೈಕೊಪ್ಲಾಸ್ಮಾ ಇದೆಯಾ ಅಂತ ಪತ್ತೆ ಹಚ್ಚೋದು ಲೋಂಝಾ ಕಂಪನಿಯವರ ಮೈಕೊಅಲರ್ಟ್ ಕಿಟ್. ಇದು ನಂಗೆ ಇಷ್ಟ ಆಗೋಕೆ ಮುಖ್ಯ ಕಾರಣ ಟೈಮು. ಅಗಾರ್ ಪ್ಲೇಟ್ ಮೇಲೆ ಬೆಳೆಸಿ ನೋಡೋ ಪದ್ಧತಿಗೆ 28 ದಿನ ಬೇಕು, ಹೂಕ್ಸ್ಟ್ ಸ್ಟೇನ್ (ಡಿಎನ್ಎಗೆ ಅಂಟಿ ಹೊಳೆಯೋ ಬಣ್ಣ) ಮಾಡೋಕೆ ಇಂಡಿಕೇಟರ್ ಸೆಲ್ಸ್ ಬೆಳೆಸ್ಕೊಂಡು ದಿನಗಟ್ಟಲೆ ಕಾಯ್ಬೇಕು, ಅಷ್ಟ್ರಲ್ಲಿ ಅದೇ ಇನ್‌ಕ್ಯುಬೇಟರಲ್ಲಿರೋ ಬೇರೆಯವರ ಫ್ಲಾಸ್ಕಿಗೂ ಹರಡಿರುತ್ತೆ. ಈ ಕಿಟ್ಟಲ್ಲಿ 100 ಮೈಕ್ರೋಲೀಟರ್ ಸೂಪರ್‌ನೇಟೆಂಟ್ (ಸೆಲ್ಸ್ ಬಿಟ್ಟು ಮೇಲಿನ ಮೀಡಿಯಾ) ತಗೊಂಡು ರಿಯೇಜೆಂಟ್ ಹಾಕಿ 5 ನಿಮಿಷ ಬಿಟ್ಟು ಬೆಳಕಿನ ಒಂದು ರೀಡಿಂಗು, ಆಮೇಲೆ ಸಬ್‌ಸ್ಟ್ರೇಟ್ ಹಾಕಿ 10 ನಿಮಿಷ ಬಿಟ್ಟು ಇನ್ನೊಂದು ರೀಡಿಂಗು, ಅಷ್ಟೇ ಕೆಲಸ. ಮೈಕೊಪ್ಲಾಸ್ಮಾ ಇದ್ರೆ ಅದರ ಎನ್ಜೈಮ್‌ಗಳು ಸಬ್‌ಸ್ಟ್ರೇಟ್ ಬಳಸ್ಕೊಂಡು ಎಡಿಪಿಯನ್ನ ಎಟಿಪಿ (ಸೆಲ್ಸ್ ಶಕ್ತಿಗೆ ಬಳಸೋ ಅಣು) ಮಾಡ್ತವೆ, ರಿಯೇಜೆಂಟಲ್ಲಿರೋ ಲೂಸಿಫರೇಸ್ ಅನ್ನೋ ಎನ್ಜೈಮ್ ಅದನ್ನ ಬಳಸಿ ಬೆಳಕು ಮಾಡುತ್ತೆ, ಎರಡನೇ ರೀಡಿಂಗ್ ಏರುತ್ತೆ. ಸೆಲ್ಸ್ ಒಡೆದು ಮೊದಲೇ ಮೀಡಿಯಾದಲ್ಲಿದ್ದ ಎಟಿಪಿ ಮೊದಲನೇ ರೀಡಿಂಗಲ್ಲೇ ಸಿಕ್ಕಿಬೀಳುತ್ತೆ, ಅದಕ್ಕೇ ಎರಡನೇದನ್ನ ಮೊದಲನೇದ್ರಿಂದ ಭಾಗಿಸೋದು. 0.9ಕ್ಕಿಂತ ಕಡಿಮೆ ಬಂದ್ರೆ ನೆಗೆಟಿವ್, 1.2 ದಾಟಿದ್ರೆ ಪಾಸಿಟಿವ್.

ತಲೆನೋವು ಇರೋದು ಆ ಮಧ್ಯದ ಜಾಗದಲ್ಲಿ. 0.9ರಿಂದ 1.2ರೊಳಗೆ ಬಂದ್ರೆ ಫ್ಲಾಸ್ಕ್ ಬೇರೆ ಇಟ್ಟು 24 ಗಂಟೆ ಬಿಟ್ಟು ಮತ್ತೆ ಟೆಸ್ಟ್ ಮಾಡ್ಬೇಕು, ಇದನ್ನ ನೆಗೆಟಿವ್ ಅಂತ ಬರ್ಕೊಂಡು ಮುಂದಕ್ಕೆ ಹೋಗೋರನ್ನ ನೋಡಿದೀನಿ, ದಯವಿಟ್ಟು ಹಂಗೆ ಮಾಡ್ಬೇಡಿ. ಇವತ್ತು ಬೆಳಿಗ್ಗೆ ಮೀಡಿಯಾ ಬದಲಾಯಿಸಿ ಮಧ್ಯಾಹ್ನ ಸ್ಯಾಂಪಲ್ ತೆಗೆದ್ರೆ ಆ ನಂಬರಿಗೆ ಅರ್ಥ ಇಲ್ಲ, ಸೆಲ್ಸ್ ಒಂದೆರಡು ದಿನ ಅದೇ ಮೀಡಿಯಾದಲ್ಲಿ ಇದ್ದಿರ್ಬೇಕು. ಆಂಟಿಬಯೋಟಿಕ್ ಹಾಕಿ ಬೆಳೆಸ್ತಾ ಇದ್ರೆ ಸ್ವಲ್ಪ ದಿನ ನಿಲ್ಲಿಸಿ ಆಮೇಲೆ ಟೆಸ್ಟ್ ಮಾಡಿ, ಇಲ್ಲಾಂದ್ರೆ ಅಡಗಿ ಕೂತಿರೋದು ಸಿಗದೇ ಹೋಗ್ಬಹುದು.

ಈ ಬೆಳಕು ಅಳೆಯೋ ಲೂಮಿನೋಮೀಟರ್ ಇಲ್ದಿರೋ ಲ್ಯಾಬಿಗೆ ಇದು ಆಗಲ್ಲ, ಪಿಸಿಆರ್ ಕಿಟ್ (ಮೈಕೊಪ್ಲಾಸ್ಮಾದ ಡಿಎನ್ಎ ಹುಡುಕೋದು) ತಗೊಳ್ಳಿ. ಯಾವ ಜಾತಿ ಮೈಕೊಪ್ಲಾಸ್ಮಾ ಅಂತಾನೂ ಇದು ಹೇಳಲ್ಲ, ಮನುಷ್ಯರ ಬಾಯಿಂದ ಬರೋ ಒರಾಲೆ ಜಾತಿನಾ, ಮೀಡಿಯಾಕ್ಕೆ ಹಾಕೋ ದನದ ಸೀರಮ್‌ನಿಂದ ಬರೋ ಆರ್ಜಿನಿನಿ ಜಾತಿನಾ ಅಂತ ಗೊತ್ತಾದ್ರೆ ಎಲ್ಲಿಂದ ಬಂತು ಅಂತ ಹುಡುಕೋದು ಸುಲಭ ಆಗ್ತಿತ್ತು. ಆದ್ರೆ ಪಿಸಿಆರ್ ಸತ್ತ ಮೈಕೊಪ್ಲಾಸ್ಮಾದ ಡಿಎನ್ಎ ಕಂಡ್ರೂ ಪಾಸಿಟಿವ್ ಅನ್ನುತ್ತೆ, ಈ ಕಿಟ್ ನೋಡೋದು ಕೆಲಸ ಮಾಡ್ತಿರೋ ಎನ್ಜೈಮ್ ಮಾತ್ರ, ಟ್ರೀಟ್‌ಮೆಂಟ್ ಆದ್ಮೇಲೆ ಚೆಕ್ ಮಾಡೋಕೆ ಇದೇ ವಾಸಿ. ನನ್ನ ಕೇಳಿದ್ರೆ ವಾರವಾರ ನೋಡೋಕೆ ಇದು, ಸೆಲ್ಸ್ ಫ್ರೀಜ್ ಮಾಡೋಕೆ ಮುಂಚೆ ಪಿಸಿಆರ್ ಕೂಡ.

ಪಾಸಿಟಿವ್ ಬಂದ್ರೆ ಫ್ಲಾಸ್ಕ್ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೀರಿ, ಮೊದಲೇ ಫ್ರೀಜ್ ಮಾಡಿಟ್ಟ ಹಳೇ ವಯಲ್ ತೆಗೆದು ಬೇರೆ ಇನ್‌ಕ್ಯುಬೇಟರಲ್ಲಿಟ್ಟು ಅದನ್ನೂ ಟೆಸ್ಟ್ ಮಾಡಿ. ಮತ್ತೆ ಸಿಗದೇ ಇರೋ ಸೆಲ್ಸ್ ಆದ್ರೆ ಮಾತ್ರ ಮೈಕೊಪ್ಲಾಸ್ಮಾ ಕೊಲ್ಲೋ ಪ್ಲಾಸ್ಮೋಸಿನ್ ಔಷಧಿ, ಮಿಲಿಲೀಟರಿಗೆ 25 ಮೈಕ್ರೋಗ್ರಾಂ, ಎರಡು ವಾರ, ಮುಗಿದ್ಮೇಲೆ ಔಷಧಿ ಇಲ್ದೇ ಒಂದೆರಡು ವಾರ ಬೆಳೆಸಿ ಈ ಕಿಟ್‌ನಲ್ಲಿ ನೋಡಿ. ಶುದ್ಧ ಗಾಳಿ ಹಾಯೋ ಅದೇ ಹುಡ್‌ನಲ್ಲಿ ಕೆಲಸ ಮಾಡೋ ಎಲ್ಲರಿಗೂ ಅವತ್ತೇ ಹೇಳ್ಬಿಡಿ, ಅವರ ಫ್ಲಾಸ್ಕ್‌ಗಳೂ ಟೆಸ್ಟ್ ಆಗ್ಬೇಕು.