ಬಾಯಿ ವಾಸನೆ ಅಂತ ಹೊಟ್ಟೆಗೆ ಔಷಧಿ ತಗೊಂಡು ದವಡೆ ಹಲ್ಲು ಕಳೆದುಕೊಂಡೆ, ನೀವು ಹೀಗೆ ಮಾಡಬೇಡಿ

ಬರೆಯಲೋ ಬೇಡವೋ ಅಂತ ಒಂದು ವಾರದಿಂದ ಯೋಚಿಸುತ್ತಿದ್ದೆ. ನಾಚಿಕೆಯ ವಿಷಯ ಅಲ್ವಾ. ಸಕ್ಕರೆ ಕಾಯಿಲೆ, ಬಿಪಿ, ಗರ್ಭಕೋಶ ತೆಗೆಸಿದ್ದು ಎಲ್ಲವನ್ನೂ ನಮ್ಮ ಹೆಂಗಸರು ಬಸ್ ಸ್ಟಾಪಿನಲ್ಲೇ ಮಾತಾಡುತ್ತಾರೆ, ಬಾಯಿ ವಾಸನೆ ಅಂದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ತಾನೇ ಗೊತ್ತಾಗೋದು!

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಪ್ಪತ್ತು ವರ್ಷ ದಾಟಿತು. ಅಳತೆ ತಗೊಳ್ಳುವಾಗ ಎದುರಿನವರ ಮುಖಕ್ಕೂ ನಮ್ಮ ಮುಖಕ್ಕೂ ಒಂದು ಗೇಣು ಅಂತರ ಇದ್ದರೆ ಅದೇ ಹೆಚ್ಚು. ಕುತ್ತಿಗೆ ಹತ್ತಿರ ಟೇಪು ಹಿಡಿದು "ಎಷ್ಟು ಡೀಪ್ ಇಡಲಿ" ಅಂತ ಕೇಳಿದರೆ ಬಂದವರು ಮುಖ ಪಕ್ಕಕ್ಕೆ ತಿರುಗಿಸಿ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಉತ್ತರ ಹೇಳುತ್ತಿದ್ದರು. ನಾಚಿಕೆ ಅಂದುಕೊಂಡಿದ್ದೆ. ಆಮೇಲೆ ಒಬ್ಬೊಬ್ಬರೇ ಹಳೇ ಬ್ಲೌಸ್ ತಂದುಕೊಟ್ಟು "ಇದರದ್ದೇ ಅಳತೆ ಸಾಕು" ಅನ್ನೋಕೆ ಶುರು ಮಾಡಿದರು. ಅದಕ್ಕೂ ನನಗೆ ಖುಷಿಯೇ, ಕೆಲಸ ಬೇಗ ಆಗುತ್ತದಲ್ಲ ಅಂತ.

2020ರಲ್ಲಿ ಎಲ್ಲರ ಮೂಗಿಗೂ ಮಾಸ್ಕ್ ಬಂತು. ನಾನೇ ನೂರಾರು ಬಟ್ಟೆ ಮಾಸ್ಕ್ ಹೊಲಿದು ಮಾರಿದೆ. ನಾನು ಹಾಕಿಕೊಂಡಿದ್ದು ಮಾತ್ರ ಅರ್ಧ ಗಂಟೆಗೇ ನಾರುತ್ತಿತ್ತು. ಬಟ್ಟೆಯ ಗಂಜಿ ಹೋಗಿಲ್ಲ ಅಂತ ಎರಡೆರಡು ಸಲ ಒಗೆದೆ. ಕೊನೆಗೆ ಬಟ್ಟೆ ಅಂಗಡಿಯವನ ಜೊತೆ ಜಗಳಕ್ಕೂ ಹೋದೆ, ಪಾಪ ಅವನು ಎರಡು ಮೀಟರ್ ಬಟ್ಟೆ ಪುಕ್ಕಟೆ ಕೊಟ್ಟು ಕಳಿಸಿದ. ದಿನವಿಡೀ ಇರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ, ಅದಕ್ಕೇ ನಮ್ಮ ಬಾಯಿಯದು ನಮಗೆ ತಿಳಿಯುವುದಿಲ್ಲ. ಮಾಸ್ಕ್ ಅದನ್ನು ಹಿಡಿದು ಸೀದಾ ಮೂಗಿಗೇ ಕಟ್ಟಿತ್ತು. ಆಗಲೂ ನಾನು ಬೈದಿದ್ದು ಬಟ್ಟೆಗೆ.

ಹೇಳಿದವಳು ಒಬ್ಬಳೇ. 2022ರ ದೀಪಾವಳಿ ಹೊತ್ತಿಗೆ, ಮಾಮೂಲಿ ಬರುವ ಹುಡುಗಿ, ನರ್ಸಿಂಗ್ ಓದಿದವಳು, ಹಣ ಕೊಟ್ಟು ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಅಂದಳು: "ಅಕ್ಕ, ತಪ್ಪು ತಿಳ್ಕೋಬೇಡಿ, ಒಂದ್ಸಲ ಹಲ್ಲು ತೋರಿಸ್ಕೊಳ್ಳಿ." ಅವಳು ಹಲ್ಲು ಅಂದಳು, ಗಮನಿಸಿ. ನಾನು ಮನೆಗೆ ಹೇಳಿದೆ, ಮನೆಯವರೆಲ್ಲಾ ಸೇರಿ ಅದನ್ನು ಹೊಟ್ಟೆ ಮಾಡಿದರು. "ಗ್ಯಾಸ್ಟ್ರಿಕ್ ಇರಬೇಕು" ಅಂದರು ನಮ್ಮ ಯಜಮಾನರು. "ಹೊಟ್ಟೆ ಕೆಟ್ಟರೆ ಬಾಯಿ ನಾರುತ್ತೆ ಕಣೇ, ಊಟ ಆದ್ಮೇಲೆ ಎಲೆ ಅಡಿಕೆ ಹಾಕ್ಕೋ" ಅಂದರು ಅತ್ತೆ. (ಚನ್ನಗಿರಿ ಕಡೆಯ ಅಡಿಕೆ ತೋಟದವರು ಬೇಜಾರು ಮಾಡಿಕೊಳ್ಳಬೇಡಿ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಸೇರಿಸಿ ವರ್ಷಗಳೇ ಆದವು. ವಾಸನೆ ಮುಚ್ಚೋಕೆ ಅಂತ ಅಡಿಕೆ ಹಿಡಿಯಬೇಡಿ, ಇನ್ನು ಹೊಗೆಸೊಪ್ಪು, ಗುಟ್ಕಾ ಬಗ್ಗೆ ಹೇಳುವುದೇ ಬೇಡ.)

ಪರಿಚಯದವರೊಬ್ಬರು ಒಂದು ಔಷಧಿ ಅಂಗಡಿಗೆ ಕರಕೊಂಡು ಹೋದರು. ಹೆಸರು ಬೇಡ. ಅಲ್ಲಿ ಕೂತಿದ್ದ ಮನುಷ್ಯ ನನ್ನ ನಾಲಿಗೆ ನೋಡಿದ, ನಾಡಿ ಹಿಡಿದ, "ಕರುಳಲ್ಲಿ ಹಳೇ ಕಸ ಕಟ್ಟಿದೆ, ಅದರ ಆವಿ ಮೇಲೆ ಬರ್ತಿದೆ" ಅಂದ. 90 ದಿನದ ಪುಡಿ, ತಗಡಿನ ಡಬ್ಬದಲ್ಲಿ, 2,800 ರೂಪಾಯಿ. ನಾನು ಎರಡು ಕೋರ್ಸ್ ತಗೊಂಡೆ. ಬೆಳಿಗ್ಗೆ ಮಿಷನ್ ಮೇಲೆ ಕೂತರೆ ನಾಲ್ಕು ಸಲ ಏಳಬೇಕಿತ್ತು. ಬಾಯಿ ಹಾಗೇ ಇತ್ತು.

ಇದನ್ನು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆಯಿಂದ ಬಾಯಿಗೆ ಸದಾ ತೆರೆದ ಚಿಮಣಿ ಇಲ್ಲ. ನುಂಗುವಾಗ, ತೇಗುವಾಗ ಬಿಟ್ಟರೆ ಅನ್ನನಾಳ ಮುಚ್ಚಿಕೊಂಡೇ ಇರುತ್ತದೆ. ಹುಳಿತೇಗು ಜಾಸ್ತಿ ಇರುವ ಕೆಲವರಿಗೆ ಸ್ವಲ್ಪ ವಾಸನೆ ಬರಬಹುದು, ಆದರೆ ಬಾಯಿ ವಾಸನೆ ಇರುವ 10 ಜನರಲ್ಲಿ 8-9 ಜನಕ್ಕೆ ಮೂಲ ಬಾಯಿಯ ಒಳಗೇ ಇರುತ್ತದಂತೆ. ನಾಲಿಗೆಯ ಹಿಂಭಾಗ, ಒಸಡಿನ ಸಂದು, ಹುಳುಕು ಹಲ್ಲು, ಸರಿ ಕೂರದ ಕ್ಯಾಪ್. ಗಾಳಿ ಆಡದ ಇಂಥ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು, ಸಿಕ್ಕಿಕೊಂಡ ಊಟದ ಚೂರು, ಸತ್ತ ಚರ್ಮದ ಕಣ, ಒಸಡಿನ ರಕ್ತ ಎಲ್ಲವನ್ನೂ ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಅದರಲ್ಲಿ ಒಂದು ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ. ಅದರ ಮೇಲೆ ನಾನು ಏಲಕ್ಕಿ, ಲವಂಗ, ಸೋಂಪು ಹಾಕುತ್ತಿದ್ದೆ. ಕೊಳೆತ ಮೊಟ್ಟೆಗೆ ಏಲಕ್ಕಿ ಹಾಕಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಬೆಳ್ಳುಳ್ಳಿಯ ಕಥೆ ಬೇರೆ. ಶೇಂಗಾ ಚಟ್ನಿ ಜೊತೆ ರೊಟ್ಟಿ ತಿಂದ ದಿನ ಎಷ್ಟು ಉಜ್ಜಿದರೂ ವಾಸನೆ ಹೋಗುವುದಿಲ್ಲ, ಯಾಕೆಂದರೆ ಅದರ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಉಸಿರಿನಲ್ಲೇ ಬರುತ್ತದೆ. ಮಾರನೇ ದಿನಕ್ಕೆ ತಾನಾಗಿ ಹೋಗುತ್ತದೆ. ಅದಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಎದ್ದಾಗಿನ ವಾಸನೆಯೂ ಅಷ್ಟೇ, ರಾತ್ರಿ ಎಂಜಲು ಕಡಿಮೆ ಆಗಿ ಬರುವುದು, ಎಲ್ಲರಿಗೂ ಇರುತ್ತದೆ.

ಪುಡಿ ಮುಗಿದ ಮೇಲೆ ಮೌತ್‌ವಾಶ್ ಹಿಡಿದೆ. ಮೆಡಿಕಲ್ ಶಾಪಿನವನು "ಸ್ಟ್ರಾಂಗ್ ಇರೋದು ಕೊಡ್ತೀನಿ" ಅಂತ ಕ್ಲೋರ್‌ಹೆಕ್ಸಿಡಿನ್ ಬಾಟಲಿ ಕೊಟ್ಟ. ಅದು ಒಳ್ಳೆಯ ಔಷಧಿಯೇ, ಆದರೆ ಡೆಂಟಿಸ್ಟ್ ಹೇಳಿದಷ್ಟು ದಿನಕ್ಕೆ ಮಾತ್ರ, ಸಾಮಾನ್ಯವಾಗಿ ಎರಡು ವಾರ. ನಾನು ಯಾರನ್ನೂ ಕೇಳದೆ ನಾಲ್ಕು ತಿಂಗಳು ಮುಕ್ಕಳಿಸಿದೆ. ಮುಂದಿನ ಹಲ್ಲು ಟೀ ಲೋಟದ ತಳದ ಹಾಗೆ ಕಂದು ಬಣ್ಣಕ್ಕೆ ತಿರುಗಿದವು. ಅದಕ್ಕಿಂತ ಮಜಾ ಏನೆಂದರೆ ನಾಲಿಗೆಗೆ ಉಪ್ಪಿನ ರುಚಿಯೇ ಹತ್ತುತ್ತಿರಲಿಲ್ಲ. ಸಾರಿಗೆ ಉಪ್ಪು ಸುರಿದೆ, ಮತ್ತೆ ಸುರಿದೆ. ಯಜಮಾನರು ತಟ್ಟೆ ತಳ್ಳಿ "ಇದೇನು ಸಮುದ್ರದ ನೀರಾ" ಅಂದಾಗ ನಾನು ಅವರ ಮೇಲೇ ರೇಗಿದೆ. ರುಚಿ ಕೆಡುವುದು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮವೇ ಅಂತೆ. ಬಾಟಲಿ ಬಿಟ್ಟ ಮೇಲೆ ರುಚಿ ವಾಪಸ್ ಬಂತು, ಕಲೆಯನ್ನು ಮಾತ್ರ ಕ್ಲೀನಿಂಗ್‌ನಲ್ಲಿ ತೆಗೆಸಬೇಕಾಯಿತು.

ಕೊನೆಗೆ ನನ್ನ ಕಣ್ಣು ತೆರೆಸಿದ್ದು ದಾರ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿ ಮೂಸುತ್ತೇವಲ್ಲ, ಅದು ನಂಬುವಂಥ ಪರೀಕ್ಷೆ ಅಲ್ಲ. ಮಣಿಕಟ್ಟನ್ನು ನಾಲಿಗೆಯಿಂದ ನೆಕ್ಕಿ, ಹತ್ತು ಸೆಕೆಂಡು ಒಣಗಲು ಬಿಟ್ಟು ಮೂಸಿ ನೋಡಬೇಕು. ಸ್ಟೀಲ್ ಚಮಚ ಮಗುಚಿ ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದು, ಬಂದಿದ್ದನ್ನು ಮೂಸಬೇಕು. ಮೂರನೆಯದು ಹಲ್ಲಿನ ಸಂದಿಗೆ ಫ್ಲಾಸ್ ದಾರ ಹಾಕಿ ಎಳೆದು ಆ ದಾರ ಮೂಸುವುದು. ಇದನ್ನು ಮೊಬೈಲಿನಲ್ಲಿ ನೋಡಿದೆ. ಫ್ಲಾಸ್ ಎಲ್ಲಿಂದ ತರಲಿ, ಮನೆ ತುಂಬಾ ದಾರ ಇದೆಯಲ್ಲ ಅಂತ ಮಿಷನ್ ದಾರವನ್ನೇ ಹಾಕಿದೆ. ದಯವಿಟ್ಟು ಹಾಗೆ ಮಾಡಬೇಡಿ. ಎಡಗಡೆ ಕೆಳ ದವಡೆಯ ಕ್ಯಾಪ್ ಹಾಕಿಸಿದ ಹಲ್ಲಿನ ಪಕ್ಕ ಅದು ಎಳೆ ಎಳೆಯಾಗಿ ಬಿಟ್ಟು ತುಂಡಾಯಿತು, ಅರ್ಧ ಒಳಗೇ ಉಳಿಯಿತು. ಕೈಗೆ ಬಂದ ತುಂಡಿನಲ್ಲಿ ರಕ್ತ ಇತ್ತು. ಮೂಗಿನ ಹತ್ತಿರ ಹಿಡಿದೆ. ಅಟ್ಟದಲ್ಲಿ ಇಲಿ ಸತ್ತು ನಾಲ್ಕು ದಿನ ಆದ ಮೇಲೆ ಬರುತ್ತದಲ್ಲ, ಅದೇ. ಮೂರು ವರ್ಷದ ಹಿಂದೆ ಮಾಸ್ಕಿನಲ್ಲಿ ಇದ್ದದ್ದೂ ಅದೇ ಅಂತ ಆ ಕ್ಷಣಕ್ಕೆ ಹೊಳೆಯಿತು.

ಎರಡು ದಿನಕ್ಕೆ ಕೆನ್ನೆ ಊದಿತು, ನಾನು ಬಾಯಿ ಮುಚ್ಚಿಕೊಂಡು ಊರಿನ ಒಂದು ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಓದುವ ಹುಡುಗಿ ಒಂದು ಸಣ್ಣ ಕಡ್ಡಿ ತಗೊಂಡಳು, ಅದರ ತುದಿಯಲ್ಲಿ ಮಿಲಿಮೀಟರ್ ಗೆರೆಗಳು. ಒಂದೊಂದು ಹಲ್ಲಿಗೂ ಒಸಡಿನ ಸುತ್ತ ಆ ಕಡ್ಡಿ ಇಳಿಸಿ "ಮೂರು, ಎರಡು, ಮೂರು, ಐದು, ಏಳು..." ಅಂತ ಕೂಗುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು. ನಾನು ಅಳತೆ ಹೇಳುವುದು, ಮಗಳು ಪುಸ್ತಕದಲ್ಲಿ ಬರೆಯುವುದು, ಥೇಟ್ ಹಾಗೇ. ಬಾಯಿ ತೆರೆದುಕೊಂಡೇ ನನಗೆ ನಗು ಬಂತು. ಆಮೇಲೆ ಅರ್ಥ ಹೇಳಿದರು: ಒಸಡಿಗೂ ಹಲ್ಲಿಗೂ ನಡುವಿನ ಸಂದು 3 ಮಿಲಿಮೀಟರ್ ತನಕ ಸರಿ. ನನಗೆ ಹಲವು ಕಡೆ 5, ಆ ಕ್ಯಾಪ್ ಪಕ್ಕ 7. ಅಷ್ಟು ಆಳದ ಜೇಬಿಗೆ ಬ್ರಷ್ಷೂ ಹೋಗುವುದಿಲ್ಲ, ಮೌತ್‌ವಾಶೂ ಇಳಿಯುವುದಿಲ್ಲ.

ಆ ಕ್ಯಾಪ್ 2018ರದ್ದು. ಒಂದು ಸಣ್ಣ ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್ ಮಾಡಿಸಿ ಹಾಕಿಸಿದ್ದು. ಮೊದಲ ವಾರದಿಂದಲೇ ಅಲ್ಲಿ ಊಟ ಸಿಕ್ಕಿಕೊಳ್ಳುತ್ತಿತ್ತು. ಹೋಗಿ ಹೇಳಿದೆ. "ಹೊಸದು, ಅಡ್ಜಸ್ಟ್ ಆಗುತ್ತೆ" ಅಂದರು. ಎಕ್ಸ್‌ರೇ ತೆಗೆಯಲಿಲ್ಲ, ದಾರ ಹಾಕಿ ನೋಡಲಿಲ್ಲ. ನಾನೂ ಸುಮ್ನೆ ಬಂದು, ಐದು ವರ್ಷ ಊಟ ಆದ ಮೇಲೆಲ್ಲಾ ಸೇಫ್ಟಿ ಪಿನ್ನಿನಲ್ಲಿ ಕೆದಕಿಕೊಂಡು ಕೂತೆ. ಕಾಲೇಜಿನ ಎಕ್ಸ್‌ರೇಯಲ್ಲಿ ನೋಡಿದರೆ ಕ್ಯಾಪಿನ ಅಂಚು ಹಲ್ಲಿಗೆ ಕೂತೇ ಇಲ್ಲ, ಅಂಚು ಹೊರಗೆ ಚಾಚಿಕೊಂಡಿದೆ. ತೋಳಿನ ಸುತ್ತಳತೆಗಿಂತ ಪಟ್ಟಿ ದೊಡ್ಡದಾಗಿ ಕತ್ತರಿಸಿ ಹೊಲಿದ ಹಾಗೆ. ನನ್ನ ಹತ್ತಿರ ಅಂಥ ಬ್ಲೌಸ್ ಬಂದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಹಾಗಾಗಿ ಕ್ಯಾಪ್ ಹಾಕಿಸಿದ ದಿನವೇ, ಕುರ್ಚಿಯಿಂದ ಇಳಿಯುವ ಮೊದಲೇ ಫ್ಲಾಸ್ ಹಾಕಿ ತೋರಿಸಿ ಅಂತ ಕೇಳಿ. ದಾರ ಬಿಗಿಯಾಗಿ ಇಳಿಯಬೇಕು, ಎಳೆ ಬಿಡದೆ ಹೊರಗೆ ಬರಬೇಕು. ಆಮೇಲೂ ಊಟ ಸಿಕ್ಕಿಕೊಂಡರೆ ವಾಪಸ್ ಹೋಗಿ. "ಅಡ್ಜಸ್ಟ್ ಆಗುತ್ತೆ" ಅಂದರೆ ಇನ್ನೊಬ್ಬ ಡೆಂಟಿಸ್ಟ್ ಹತ್ತಿರ ಹೋಗಿ.

ಕ್ಯಾಪ್ ಬಿಚ್ಚಿದರು. ಎರಡೆರಡು ಮಾಸ್ಕ್ ಹಾಕಿದ್ದ ಆ ಹುಡುಗಿಯೂ ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಳು. ಕ್ಯಾಲೆಂಡರ್ ನೋಡುತ್ತಿದ್ದವರೆಲ್ಲಾ ಸಾಲಾಗಿ ಕಣ್ಣ ಮುಂದೆ ಬಂದರು. ಒಳಗಿನ ಹಲ್ಲು ಒದ್ದೆ ಮಣ್ಣಿನ ಹಾಗೆ ಮೆತ್ತಗಾಗಿತ್ತು, ಪಕ್ಕದ ಮೂಳೆ ಕರಗಿತ್ತು. ರೂಟ್ ಕೆನಾಲ್ ಆದ ಹಲ್ಲಿಗೆ ನರ ಇರುವುದಿಲ್ಲವಲ್ಲ, ಅದಕ್ಕೇ ಅಷ್ಟು ಕೊಳೆತರೂ ನೋವು ಬಂದಿರಲಿಲ್ಲ. ಹಲ್ಲು ಕೀಳಿಸಿದೆ, ಉಳಿಸೋಕೆ ಆಗಲಿಲ್ಲ. ಒಂದು ವರ್ಷ ಮುಂಚೆ, ಆ ನರ್ಸಿಂಗ್ ಹುಡುಗಿ ಹೇಳಿದಾಗಲೇ ಬಂದಿದ್ದರೆ ಅಂತ ಕೇಳಿದೆ. ಡಾಕ್ಟರು "ಉಳಿಯುತ್ತಿತ್ತೇನೋ" ಅಂದು ಸುಮ್ಮನಾದರು.

ಉಳಿದ ಹಲ್ಲಿಗೆ ಒಸಡಿನ ಒಳಗಿನ ತನಕ ಕ್ಲೀನಿಂಗ್, ನಾಲ್ಕು ಸಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತವೆ ಅಂತ ನಾನೂ ನಂಬಿದ್ದೆ, ಅದಕ್ಕೇ ಇಷ್ಟು ವರ್ಷ ಹೋಗಿರಲಿಲ್ಲ. ನಿಜ ಏನೆಂದರೆ ಕಲ್ಲಿನ ಹಾಗೆ ಗಟ್ಟಿಯಾದ ಪಾಚಿಯೇ ಸಂದಿ ತುಂಬಿಕೊಂಡು, ಹಲ್ಲು ಭದ್ರ ಇವೆ ಅನ್ನುವ ಭ್ರಮೆ ಕೊಟ್ಟಿರುತ್ತದೆ. ಅದನ್ನು ತೆಗೆದಾಗ ಸಂದಿ ಕಾಣುತ್ತದೆ. ಕೆಲವು ದಿನ ತಣ್ಣೀರು ಜುಂ ಅನ್ನುತ್ತಿತ್ತು, ಆಮೇಲೆ ಸರಿ ಹೋಯಿತು.

ಇನ್ನೊಂದು ವಿಷಯ ಅಲ್ಲೇ ಬಯಲಾಯಿತು. ಒಸಡು ಇಷ್ಟು ಕೆಟ್ಟಿರುವುದನ್ನು ನೋಡಿ ಡಾಕ್ಟರು ಸಕ್ಕರೆ ಟೆಸ್ಟ್ ಮಾಡಿಸಿ ಅಂದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.1 ಬಂತು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿದ್ದುದಕ್ಕೂ ಅದೇ ಕಾರಣ ಇರಬಹುದು ಅಂದರು. ಸಕ್ಕರೆ ಜಾಸ್ತಿ ಇದ್ದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಎಲ್ಲರಿಗೂ ಹಲ್ಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹಲ್ಲು, ಒಸಡು ಸರಿ ಇದ್ದೂ ವಾಸನೆ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಬೇಕು, ಸೈನಸ್ ಇರಬಹುದು, ಟಾನ್ಸಿಲ್ ಗುಳಿಯಲ್ಲಿ ಅಕ್ಕಿ ಕಾಳಿನಂಥ ಬಿಳಿ ಗಟ್ಟಿ ಕೂತಿರಬಹುದು. ಚಿಕ್ಕ ಮಕ್ಕಳಿಗೆ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಬಟಾಣಿಯೋ ಮಣಿಯೋ ಒಳಗೆ ಸೇರಿದೆಯಾ ಅಂತ ಡಾಕ್ಟರಿಗೇ ತೋರಿಸಿ, ನೀವು ಕೆದಕಬೇಡಿ. ಸಕ್ಕರೆ ಇರುವವರಿಗೆ ಉಸಿರು ಉಗುರುಬಣ್ಣ ತೆಗೆಯುವ ದ್ರವದ ಹಾಗೆ ವಾಸನೆ ಬಂದು ವಾಂತಿ, ಸುಸ್ತು ಇದ್ದರೆ ಅದು ಆಸ್ಪತ್ರೆಗೆ ಓಡುವ ವಿಷಯ. ಇನ್ನು ಕೆಲವರಿಗೆ ವಾಸನೆ ಇರುವುದೇ ಇಲ್ಲ, ಇದೆ ಅಂತ ಭಯ ಅಷ್ಟೇ. ಅವರೂ ಮನೆಯ ಒಬ್ಬರನ್ನು ಹತ್ತಿರ ಕರೆದು ನೇರವಾಗಿ ಕೇಳಿಬಿಡುವುದು ಒಳ್ಳೆಯದು.

ಈಗ ನಾನು ಎರಡು ಹೊತ್ತು ಉಜ್ಜುತ್ತೇನೆ, ರಾತ್ರಿ ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕುತ್ತೇನೆ, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಕೆರೆಯುತ್ತೇನೆ, ಮೂರು ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ಆ ಕಡ್ಡಿಯ ಅಳತೆ ಕೊಟ್ಟು ಬರುತ್ತೇನೆ. ಕಳೆದ ಸಲ ಎಲ್ಲೂ ನಾಲ್ಕು ದಾಟಲಿಲ್ಲ. ಅತ್ತೆಯ ಹಲ್ಲು ಸೆಟ್ಟನ್ನೂ ರಾತ್ರಿ ತೆಗೆಸಿ ನೀರಿನಲ್ಲಿ ಹಾಕಿಸುತ್ತೇನೆ, ಅದರ ಜಗಳ ಇನ್ನೂ ಮುಗಿದಿಲ್ಲ.

ಆ ನರ್ಸಿಂಗ್ ಹುಡುಗಿಯ ಮದುವೆ ಬ್ಲೌಸು ನಾನೇ ಹೊಲಿದೆ, ಹಣ ತಗೊಳ್ಳಲಿಲ್ಲ. 2,800 ರೂಪಾಯಿಯ ತಗಡಿನ ಡಬ್ಬ ಎರಡೂ ಮಿಷನ್ ಪಕ್ಕದಲ್ಲೇ ಇವೆ. ಒಂದರಲ್ಲಿ ಹುಕ್ಕು, ಇನ್ನೊಂದರಲ್ಲಿ ಗುಂಡಿ.