ಮದುವೆಯ ಹಳೆಯ ವಿಡಿಯೊ ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿಸುವ ಮುನ್ನ

ಹಳೆಯ ಕ್ಯಾಮ್‌ಕಾರ್ಡರ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಲು ಅಂಗಡಿ ಹುಡುಕುತ್ತಿರುವ ದಾವಣಗೆರೆಯವರು ದಯವಿಟ್ಟು ಇದನ್ನು ಓದಿ. ಅಂಗಡಿಯವರು ಕೊಟ್ಟ ಫೈಲಿನಲ್ಲಿ ಬಣ್ಣ ಕೆಟ್ಟು, ಮುಖಗಳು ಕಪ್ಪಾಗಿದ್ದರೆ ‘ಕ್ಯಾಸೆಟ್ಟೇ ಹಾಳಾಗಿದೆ’ ಎಂಬ ಮಾತನ್ನು ಪರೀಕ್ಷಿಸದೆ ನಂಬಬೇಡಿ. ಕ್ಯಾಸೆಟ್ಟನ್ನಂತೂ ಯಾವ ಕಾರಣಕ್ಕೂ ಎಸೆಯಬೇಡಿ.

ನಮ್ಮ ಅಕ್ಕನ ಮದುವೆ ಹರಿಹರದಲ್ಲಿ 2003ರಲ್ಲಿ ನಡೆಯಿತು. ಚಿತ್ರೀಕರಣ ಮಿನಿ ಡಿವಿ ಎಂಬ ಚಿಕ್ಕ ಡಿಜಿಟಲ್ ಕ್ಯಾಸೆಟ್‌ಗಳಲ್ಲಿ. ತೀರಿಹೋದ ನಮ್ಮ ಅಜ್ಜಿ ನಡೆದಾಡುವುದು, ಮಾತನಾಡುವುದು ಉಳಿದಿರುವುದು ಅವುಗಳಲ್ಲಿ ಮಾತ್ರ. ದಾವಣಗೆರೆಯ ಒಂದು ಅಂಗಡಿಯವರು ‘ಎಚ್‌ಡಿ ಮಾಡಿಕೊಡುತ್ತೇವೆ’ ಎಂದು ಹಣ ಪಡೆದು ಪೆನ್‌ಡ್ರೈವ್ ಕೊಟ್ಟರು. ಮನೆಯಲ್ಲಿ ಹಾಕಿ ನೋಡಿದರೆ ಅಕ್ಕನ ಕಡುಗೆಂಪು ಸೀರೆ ಕಿತ್ತಳೆಯಾಗಿದೆ. ಭಾವನ ಬಿಳಿ ಪಂಚೆಯಲ್ಲಿ ಒಂದು ಮಡಿಕೆಯೂ ಕಾಣದು. ಮಂಟಪದ ಮೂಲೆಯಲ್ಲಿ ಕುಳಿತ ಅಜ್ಜಿ ಕತ್ತಲಲ್ಲಿ ಕರಗಿಹೋಗಿದ್ದಾರೆ. ಅವ್ವ ಟಿವಿಯ ಹತ್ತಿರ ಹೋಗಿ, ‘ಇಲ್ಲೇ ಇದ್ದರಲ್ಲ’ ಎಂದು ಹುಡುಕಿದರು.

ಅಂಗಡಿಯವರನ್ನು ಕೇಳಿದಾಗ ಬಂದ ಉತ್ತರ: ‘ಸರ್, ಇಪ್ಪತ್ತು ವರ್ಷದ ಕ್ಯಾಸೆಟ್. ಬಣ್ಣ ಹಾರಿಹೋಗಿದೆ. ಇನ್ನಷ್ಟು ಕೊಟ್ಟರೆ ಕಲರ್ ಕರೆಕ್ಷನ್ ಮಾಡಿಕೊಡುತ್ತೇವೆ.’

ಇದು ಸುಳ್ಳು. ಮಿನಿ ಡಿವಿಯಲ್ಲಿ ಚಿತ್ರ ಅಂಕಿಗಳ ರೂಪದಲ್ಲಿರುತ್ತದೆ. ಆ ಟೇಪು ಸವೆದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ತುಂಡಾಗುತ್ತದೆ, ಕೆಲವೊಮ್ಮೆ ಪರದೆ ನೀಲಿಯಾಗುತ್ತದೆ. ಕೆಂಪು ಬಣ್ಣ ಮೆಲ್ಲಗೆ ಮಾಸಿ ಕಿತ್ತಳೆಯಾಗುವುದು ಅದರಲ್ಲಿ ಸಾಧ್ಯವಿಲ್ಲ. ವಿಡಿಯೊ 8, ವಿಎಚ್‌ಎಸ್‌ನಂಥ ಅನಲಾಗ್ (ಚಿತ್ರ ಅಂಕಿಗಳ ರೂಪದಲ್ಲಿರದ) ಕ್ಯಾಸೆಟ್‌ಗಳಾಗಿದ್ದರೆ ಆ ಮಾತನ್ನು ಒಂದಿಷ್ಟು ಒಪ್ಪಬಹುದಿತ್ತು.

ಪರೀಕ್ಷೆ ಕಷ್ಟದ್ದಲ್ಲ. ಕ್ಯಾಮೆರಾದ ಹಳದಿ, ಕೆಂಪು, ಬಿಳಿ ವೈರುಗಳನ್ನು ನೇರವಾಗಿ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಓಡಿಸಿ. ಕ್ಯಾಮೆರಾದ ಸಣ್ಣ ಪರದೆಯನ್ನು ನೆಚ್ಚಬೇಡಿ, ಅದರ ಬೆಳಕನ್ನು ಯಾರೋ ಹಿಂದೆಂದೋ ಏರಿಸಿ ಇಳಿಸಿರುತ್ತಾರೆ. ನಾವು ಹಾಗೆ ಟಿವಿಯಲ್ಲಿ ನೋಡಿದಾಗ ಸೀರೆ ಕೆಂಪಾಗಿಯೇ ಇತ್ತು, ಅಜ್ಜಿಯ ಮುಖ ಸ್ಪಷ್ಟವಾಗಿತ್ತು. ಹಾಗೆಯೇ ಅಂಗಡಿಯ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕೂಡ ತೆರೆದು ನೋಡುವುದು ನ್ಯಾಯ. ಕೆಲವೊಮ್ಮೆ ಫೈಲು ಸರಿಯಿದ್ದು ನಮ್ಮ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ ತಪ್ಪಿರುತ್ತದೆ. ನಮ್ಮ ಫೈಲು ಎಲ್ಲೆಡೆಯೂ ಒಂದೇ ರೀತಿ ಕೆಟ್ಟಿತ್ತು.

ಹರಿಹರದಲ್ಲಿ ಬಹಳ ವರ್ಷ ಮದುವೆ ವಿಡಿಯೊ ತೆಗೆದ ಹಿರಿಯರೊಬ್ಬರು ಆ ಫೈಲನ್ನು ನೋಡಿ ಕಾರಣ ಬಿಡಿಸಿ ಹೇಳಿದರು. ಬೆಳಕಿನ ಮಟ್ಟವನ್ನು 0ರಿಂದ 255ರವರೆಗಿನ ಅಂಕಿಗಳಲ್ಲಿ ಬರೆಯುತ್ತಾರೆ. ವಿಡಿಯೊದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಕಂಪ್ಯೂಟರಿನ ಪರದೆಗೆ ಕಪ್ಪು 0, ಬಿಳಿ 255. ಆದ್ದರಿಂದ ಪರದೆಗೆ ತರುವಾಗ ಕಪ್ಪು ಬಿಳಿಯ ಈ ಅಂತರವನ್ನು ಒಮ್ಮೆ ಹಿಗ್ಗಿಸಬೇಕು. ಸೆಟ್ಟಿಂಗ್ ತಪ್ಪಿ ಎರಡು ಸಲ ಹಿಗ್ಗಿಸಿದರೆ ನೆರಳೆಲ್ಲ ಕಪ್ಪಿಗೆ ಇಳಿಯುತ್ತದೆ, ಬೆಳಕೆಲ್ಲ ಬಿಳಿಗೆ ಏರುತ್ತದೆ. ಹಿಗ್ಗಿಸದೇ ಬಿಟ್ಟರೆ ಚಿತ್ರದ ಮೇಲೆ ಮಂಜು ಕವಿದಂತೆ ಮಂಕಾಗುತ್ತದೆ. ಮಂಕಾದದ್ದನ್ನು ಬಹುಮಟ್ಟಿಗೆ ಸರಿಮಾಡಬಹುದು. ಕಪ್ಪಿನಲ್ಲಿ ಕತ್ತರಿಸಿಹೋದ ಮುಖವನ್ನು ಯಾವ ಕಲರ್ ಕರೆಕ್ಷನ್ನೂ ತರಲಾರದು, ಏಕೆಂದರೆ ಫೈಲಿನಲ್ಲಿ ಅದು ಇಲ್ಲವೇ ಇಲ್ಲ. ನಮ್ಮ ಬಳಿ ಮತ್ತೆ ಹಣ ಕೇಳಿದ್ದು ಇಂಥ ಕೆಲಸಕ್ಕೆ ಎಂಬುದು ನನ್ನನ್ನು ಈಗಲೂ ಕುದಿಸುತ್ತದೆ.

ಕಿತ್ತಳೆ ಬಣ್ಣದ ಮೂಲ ‘ಎಚ್‌ಡಿ’ ಆಮಿಷದಲ್ಲಿತ್ತು. ನಮ್ಮ ದೇಶದ ಮಿನಿ ಡಿವಿ ಪಾಲ್ ಎಂಬ ಟಿವಿ ಪದ್ಧತಿಯದು, ಚಿತ್ರದಲ್ಲಿ ಅಡ್ಡಕ್ಕೆ 720 ಚುಕ್ಕೆ, ಉದ್ದಕ್ಕೆ 576. ಅದರ ಬಣ್ಣದ ಲೆಕ್ಕ 601 ಎಂಬ ಮಾನದಂಡದ್ದು, ಎಚ್‌ಡಿಯದು 709. ಚಿತ್ರವನ್ನು ಎಚ್‌ಡಿ ಗಾತ್ರಕ್ಕೆ ದೊಡ್ಡದು ಮಾಡಿ ಬಣ್ಣದ ಲೆಕ್ಕವನ್ನು ಬದಲಿಸದಿದ್ದರೆ ಕೆಂಪು ಕಿತ್ತಳೆಯತ್ತ ಜಾರುತ್ತದೆ, ಹಸಿರು ಕಡುವಾಗುತ್ತದೆ. ಕುಂಕುಮ, ಅರಿಶಿನ, ಬಾಳೆಕಂದು ತುಂಬಿದ ನಮ್ಮ ಮದುವೆಗಳಲ್ಲಿ ಇದು ಕಣ್ಣಿಗೆ ರಾಚುತ್ತದೆ. ಎಷ್ಟೇ ದೊಡ್ಡದು ಮಾಡಿದರೂ ಕ್ಯಾಸೆಟ್‌ನಲ್ಲಿಲ್ಲದ ವಿವರ ನಿಜವಾಗಿ ಹುಟ್ಟುವುದಿಲ್ಲ, ಆದ್ದರಿಂದ ಎಚ್‌ಡಿ ಹೆಸರಿನಲ್ಲಿ ಹೆಚ್ಚು ಹಣ ಕೊಡಬೇಡಿ.

ಇನ್ನು ಚಿತ್ರ ಪೂರ್ತಿ ಕಪ್ಪು ಬಿಳುಪಾಗಿ ಬಂದಿದ್ದರೆ, ಪಾಲ್ ಕ್ಯಾಸೆಟ್ಟನ್ನು ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಟಿವಿ ಪದ್ಧತಿ) ಸೆಟ್ಟಿಂಗ್‌ನಲ್ಲಿ ತೆಗೆದಿರುವ ಸಾಧ್ಯತೆ ಹೆಚ್ಚು.

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ‘ಫೈರ್‌ವೈರ್ ಇದೆಯೇ?’ ಮಿನಿ ಡಿವಿಯಲ್ಲಿರುವ ಅಂಕಿಗಳನ್ನು ಆ ಕೇಬಲ್ ಇದ್ದಹಾಗೇ ಕಂಪ್ಯೂಟರಿಗೆ ನಕಲಿಸುತ್ತದೆ. ಬಣ್ಣ, ಬೆಳಕು ಬದಲಾಗಲು ಅಲ್ಲಿ ಆಸ್ಪದವೇ ಇಲ್ಲ. ಸೋನಿ ಕ್ಯಾಮೆರಾಗಳಲ್ಲಿ ಅದೇ ಕಿಂಡಿಗೆ ಐ.ಲಿಂಕ್ ಎಂಬ ಹೆಸರಿರುತ್ತದೆ. ನಮ್ಮ ಅಂಗಡಿಯವರು ಹಳದಿ ವೈರನ್ನು ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಸಿಕ್ಕಿಸಿ ತೆಗೆದಿದ್ದರು. ಆ ಹಿರಿಯರ ಹಳೆಯ ಕಂಪ್ಯೂಟರಿನಲ್ಲಿ ಫೈರ್‌ವೈರ್ ಕಾರ್ಡ್ ಇತ್ತು. ಅಲ್ಲಿ ಅದೇ ಕ್ಯಾಸೆಟ್‌ನಿಂದ ಅಜ್ಜಿ, ಸೀರೆ, ಪಂಚೆಯ ಮಡಿಕೆ ಎಲ್ಲವೂ ಬಂದವು.

ನಾನು ಇದನ್ನು ಬರೆಯಲು ಮುಖ್ಯ ಕಾರಣ ನಮ್ಮ ಪಕ್ಕದ ಮನೆಯವರು. ಅದೇ ಅಂಗಡಿಯಲ್ಲಿ ಮಗನ ನಾಮಕರಣದ ಕ್ಯಾಸೆಟ್ ಹಾಕಿಸಿ, ಹಾಳಾಗಿದೆ ಎಂಬ ಮಾತನ್ನು ನಂಬಿ ಗುಜರಿಗೆ ಕೊಟ್ಟುಬಿಟ್ಟಿದ್ದಾರೆ. ಅವರಿಗೆ ಉಳಿದಿರುವುದು ಆ ಕಪ್ಪು ಫೈಲು ಮಾತ್ರ. ಅವರಿಗೆ ನಾನು ಏನನ್ನೂ ಮಾಡಿಕೊಡಲಾಗಲಿಲ್ಲ.

ಮಿನಿ ಡಿವಿಯ ಮೂಲ ನಕಲು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಒಂದೆರಡು ಜಿಬಿಯ ಫೈಲು ಕೊಟ್ಟರೆ ಅದು ಮತ್ತಷ್ಟು ಕುಗ್ಗಿಸಿದ್ದು. ನಿಮ್ಮದೇ ಹಾರ್ಡ್ ಡಿಸ್ಕ್ ಒಯ್ದು, ಮತ್ತೆ ಕುಗ್ಗಿಸದ ಮೂಲ ಡಿವಿ ಫೈಲನ್ನೇ ಕೇಳಿ ಪಡೆಯಿರಿ. ಕ್ಯಾಸೆಟ್ ಕೊಡುವ ಮುನ್ನ ಅದರ ಬೆನ್ನಿನಲ್ಲಿರುವ ಚಿಕ್ಕ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ, ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮೊದಲು ಒಂದೇ ಕ್ಯಾಸೆಟ್ ಕೊಟ್ಟು, ಫೈಲನ್ನು ಟಿವಿಯ ಚಿತ್ರದೊಂದಿಗೆ ಹೋಲಿಸಿ ನೋಡಿದ ಮೇಲೆ ಉಳಿದವನ್ನು ಕೊಡಿ.