ಸಾಕೆಟ್ಟಿನಲ್ಲಿ ಹೆಡ್‌ಫೋನ್ ಪಿನ್ ಮುರಿದರೆ ಗಮ್ ಹಾಕಬೇಡಿ ಮಾರಾಯ್ರೆ

ಉಡುಪಿ ಕಡೆಯ ಒಂದು ಭಜನಾ ಮಂದಿರದ ಲ್ಯಾಪ್‌ಟಾಪ್. ಹೆಡ್‌ಫೋನ್ ಸಾಕೆಟ್ಟಿನಿಂದ ಮೈಕ್ ಸೆಟ್ಟಿನ ಮಿಕ್ಸರಿಗೆ ವಯರ್ ಎಳೆದಿದ್ದರು. ಯಾರದೋ ಕಾಲು ವಯರಿಗೆ ಸಿಕ್ಕಿತು, ಪಿನ್ನಿನ ತುದಿ ಮುರಿದು ಒಳಗೇ ಉಳಿಯಿತು. ಅಲ್ಲಿಯವರೆಗೆ ಲ್ಯಾಪ್‌ಟಾಪಿಗೆ ಎಂತದೂ ಆಗಿರಲಿಲ್ಲ. ಆದದ್ದೆಲ್ಲ ಮರುದಿನ. ಹಿಡಿಸೂಡಿ (ಪೊರಕೆ) ಕಡ್ಡಿಯ ತುದಿಗೆ ಫೆವಿಕ್ವಿಕ್ ಹಚ್ಚಿ, ಒಳಗಿನ ತುಂಡಿಗೆ ಅಂಟಿಸಿ ಎಳೆದರು. ಕಡ್ಡಿ ಬಂತು, ತುಂಡು ಬರಲಿಲ್ಲ. ಇನ್ನೊಂದು ಹನಿ ಹಾಕಿದರು. ಆಮೇಲೆ ಅಂಟು ಬಿಡಿಸಲಿಕ್ಕೆ ನೈಲ್ ಪಾಲಿಶ್ ರಿಮೂವರ್. ರಿಪೇರಿ ಮೇಜಿಗೆ ಬರುವಾಗ ಸಾಕೆಟ್ಟಿನ ಬಾಯಿ ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗಿ ಮುಚ್ಚಿತ್ತು, ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಬಿಳಿಚಿ ಸುಕ್ಕುಗಟ್ಟಿತ್ತು. ಐದು ನಿಮಿಷದಲ್ಲಿ ಮುಗಿಯಬೇಕಾದದ್ದು, ಬೋರ್ಡಿನಿಂದ ಸಾಕೆಟ್ ಕಿತ್ತು ಬೇರೆಯದನ್ನು ಸೋಲ್ಡರ್ ಮಾಡುವ ಕೆಲಸವಾಯಿತು.

ಗಮ್ಮಿನ ಉಪಾಯವನ್ನು ವಿಡಿಯೊಗಳಲ್ಲಿ ಬಹಳ ಸಲೀಸಾಗಿ ತೋರಿಸುತ್ತಾರೆ. ಅದು ಯಾಕೆ ಕೈಕೊಡುತ್ತದೆ ಅಂತ ತಿಳಿಯಬೇಕಾದರೆ ಒಳಗೆ ಎಂತ ಉಂಟು ಅಂತ ನೋಡಬೇಕು. 3.5 ಮಿ.ಮೀ. ಪಿನ್ನಿನ ಲೋಹದ ಭಾಗ ಸುಮಾರು 14 ಮಿ.ಮೀ. ಉದ್ದ. ನೋಡಲಿಕ್ಕೆ ಒಂದೇ ಸರಳಿನ ಹಾಗಿದ್ದರೂ ಒಂದೇ ಅಲ್ಲ. ನಡುವಿನಲ್ಲಿ ತೆಳ್ಳಗಿನ ಒಂದು ಕಡ್ಡಿ, ಅದರ ತುದಿಯಲ್ಲಿ ತಲೆ. ಕಡ್ಡಿಯ ಮೇಲೆ ಪ್ಲಾಸ್ಟಿಕ್ ಬಳೆ, ಲೋಹದ ಬಳೆ ಹೀಗೆ ಒಂದರ ಹಿಂದೆ ಒಂದು ಪೋಣಿಸಿದ್ದು. ಹೊರಗಿನಿಂದ ಕಾಣುವ ಕಪ್ಪು ಅಥವಾ ಬಿಳಿ ಗೆರೆಗಳೇ ಆ ಪ್ಲಾಸ್ಟಿಕ್ ಬಳೆಗಳು. ಮೈಕ್ ಇರುವ ಇಯರ್‌ಫೋನಿಗೆ ಮೂರು ಗೆರೆ, ಬರೀ ಸ್ಟೀರಿಯೋಗೆ ಎರಡು. ಮುರಿಯುವುದು ಹೆಚ್ಚಾಗಿ ಗೆರೆಯ ಜಾಗದಲ್ಲೇ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಗ್ಗದ ಪಿನ್ನಿನ ಲೇಪ ಎದ್ದು ಹಸಿರು ಕಿಲುಬು ಹಿಡಿದಿದ್ದರೆ, ಎಳೆಯುವಾಗ ತುಂಡು ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ತಲೆಯ ಹಿಂದೆ ಒಂದು ಸಣ್ಣ ಕುತ್ತಿಗೆ ಉಂಟು. ಸಾಕೆಟ್ಟಿನ ತಗಡಿನ ಸ್ಪ್ರಿಂಗ್ ಬಂದು ಕೂರುವುದು ಆ ಕುತ್ತಿಗೆಯಲ್ಲಿ. ಪಿನ್ ಹಾಕುವಾಗ 'ಟಕ್' ಅಂತ ಕೇಳುತ್ತದಲ್ಲ, ಅದೇ. ತುಂಡನ್ನು ಹಿಡಿದುಕೊಂಡಿರುವುದು ಈ ಸ್ಪ್ರಿಂಗ್. ಅದನ್ನು ಸ್ವಲ್ಪ ಬದಿಗೂ ಒತ್ತುತ್ತಿರುತ್ತದೆ. ಹಾಗಾಗಿ ನೇರ ಎಳೆದರೆ ಮಾತ್ರ ಬಿಡುತ್ತದೆ, ಓರೆ ಎಳೆದರೆ ಬಿಗಿಯುತ್ತದೆ.

ಈಗ ಗಮ್ಮಿನ ವಿಷಯ. ಅದು ನೀರಿನ ಹಾಗೆ ತೆಳು. ತುಂಡಿಗೂ ಸಾಕೆಟ್ಟಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ಬತ್ತಿ ಎಣ್ಣೆ ಹೀರಿದ ಹಾಗೆ ಅಲ್ಲಿಗೆ ಇಳಿಯುತ್ತದೆ. ಹಿಡಿಸೂಡಿ ಕಡ್ಡಿಯ ತುದಿಗೆ ಸಿಗುವ ಜಾಗ ಸಾಸಿವೆ ಕಾಳಿನಷ್ಟು, ಬದಿಯ ಗೋಡೆಗೆ ಸಿಗುವುದು ಅದರ ಎಷ್ಟೋ ಪಟ್ಟು. ಎಳೆದಾಗ ಬಿಡುವುದು ಕಡ್ಡಿಯೇ. ಗಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಆಟಿ ತಿಂಗಳ ಮಳೆಯಲ್ಲಿ ತೇವಕ್ಕೆ ಬರಗಾಲವೇ? ಸರಿಮಾಡಿ ಹಿಡಿಯುವಷ್ಟರಲ್ಲಿ ಕಲ್ಲಾಗಿರುತ್ತದೆ. ಅದರ ಆವಿ ಬೇರೆ ಸ್ಪ್ರಿಂಗಿನ ಮೇಲೆ ಬಿಳಿ ಪೊರೆಯ ಹಾಗೆ ಕೂರುತ್ತದೆ, ತುಂಡು ಹೇಗಾದರೂ ಬಂದರೂ ಒಂದು ಕಿವಿಯಲ್ಲಿ ಶಬ್ದ ಬರುವುದಿಲ್ಲ. ರಿಮೂವರಿನ ಅಸಿಟೋನ್ ಅಂಟನ್ನು ಕರಗಿಸುತ್ತದೆ ನಿಜ, ಕರಗಿದ ಅಂಟು ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಹೋಗಿ ಅಲ್ಲಿ ಗಟ್ಟಿಯಾಗುತ್ತದೆ. ಲ್ಯಾಪ್‌ಟಾಪಿನ ಹೊರಕವಚವನ್ನೂ ತಿನ್ನುತ್ತದೆ.

ಅಯಸ್ಕಾಂತ ಪ್ರಯೋಜನವಿಲ್ಲ, ಪಿನ್ ಹಿತ್ತಾಳೆಯದ್ದು. ಸೂಜಿಯಿಂದ ಬದಿಗೆ ಮೀಟಬೇಡಿ, ಸ್ಪ್ರಿಂಗ್ ಬಾಗಿದರೆ ಹೊಸ ಪಿನ್ ನಿಲ್ಲುವುದಿಲ್ಲ. ಹೊಸ ಪಿನ್ ಹಾಕಿ 'ನೂಕಿ ನೋಡುವುದು' ಎಲ್ಲಕ್ಕಿಂತ ಕೆಟ್ಟದ್ದು. ತುಂಡಿಗೆ ಬಿಸಿ ಸೋಲ್ಡರ್ ಹಿಡಿಸಿ ಎಳೆಯಲಿಕ್ಕೂ ಹೋಗಬೇಡಿ. ಸಾಮಾನ್ಯ ಸೋಲ್ಡರ್ ಕರಗಲಿಕ್ಕೇ 183 ಡಿಗ್ರಿ ಬೇಕು, ಅಷ್ಟು ಬಿಸಿ ಹಿತ್ತಾಳೆಯ ಮೂಲಕ ನೇರ ಸಾಕೆಟ್ಟಿನ ಪ್ಲಾಸ್ಟಿಕ್ಕಿಗೆ ಹೋಗುತ್ತದೆ.

ಹಾಗಾದರೆ ಎಂತ ಮಾಡುವುದು? ಮೊದಲು ಚಾರ್ಜರ್ ತೆಗೆದು ಲ್ಯಾಪ್‌ಟಾಪ್ ಅಥವಾ ಫೋನ್ ಪೂರ್ತಿ ಆಫ್ ಮಾಡಿ. ಟಾರ್ಚ್ ಹಿಡಿದು ಸಾಕೆಟ್ಟಿನೊಳಗೆ ನೇರ ನೋಡಿ. ನಡುವಿನ ತೆಳು ಕಡ್ಡಿ ನಿಮ್ಮ ಕಡೆಗೆ ಚಾಚಿಕೊಂಡಿದ್ದರೆ ಅದೃಷ್ಟ ಚೆನ್ನಾಗಿದೆ, ಹಿಡಿಯಲಿಕ್ಕೆ ಒಂದು ಜಾಗ ಸಿಕ್ಕಿತು.

ಬೇಕಾದದ್ದು ಒಂದು ಖಾಲಿ ಬಾಲ್‌ಪೆನ್ ರೀಫಿಲ್. ಲೋಹದ್ದಲ್ಲ, ಪ್ಲಾಸ್ಟಿಕ್ ಕೊಳವೆಯದ್ದು. ಹೊರಗಿನ ದಪ್ಪ 3 ಮಿ.ಮೀ. ಮೀರಬಾರದು, ಮೀರಿದರೆ ಸಾಕೆಟ್ಟಿಗೇ ಹೋಗುವುದಿಲ್ಲ. ನಿಬ್ಬು ಕಿತ್ತು, ಶಾಯಿ ತಾಗದ ಹಿಂಬದಿಯ ತುದಿಯನ್ನು ಹೊಸ ಬ್ಲೇಡಿನಲ್ಲಿ ಅಡ್ಡಕ್ಕೆ ನೇರ ಕತ್ತರಿಸಿ; ಓರೆಯಾದರೆ ಹಿಡಿತ ಇಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ. ಸಾಕೆಟ್ಟಿನ ಬಾಯಿ ಕೆಳಮುಖವಾಗುವ ಹಾಗೆ ಲ್ಯಾಪ್‌ಟಾಪನ್ನು ಯಾರಾದರೂ ಹಿಡಿದುಕೊಳ್ಳಲಿ, ಚೂರು ಉದುರಿದರೆ ಹೊರಗೇ ಬೀಳಬೇಕು. ಕೊಳವೆಯನ್ನು ಕಡ್ಡಿಯ ಮೇಲೆ ನೇರ ಕೂರಿಸಿ, ಒಂದೇ ದಿಕ್ಕಿಗೆ ಮೆಲ್ಲ ತಿರುಗಿಸುತ್ತಾ ಒತ್ತಿ. ಜೋರಾಗಿ ನೂಕಬಾರದು. ಬಿಗಿ ಆಯಿತು ಅನ್ನಿಸಿದ ಮೇಲೆ ತಿರುಗಿಸುವುದನ್ನು ನಿಲ್ಲಿಸಿ ನೇರ ಎಳೆಯಿರಿ. ಸ್ಪ್ರಿಂಗ್ ಬಿಡುವಾಗ ಅದೇ 'ಟಕ್' ಕೈಗೆ ತಿಳಿಯುತ್ತದೆ.

ಸಡಿಲವಾಗಿ ಜಾರುತ್ತಿದ್ದರೆ ಕೊಳವೆಯ ತುದಿಯನ್ನು ಲೈಟರಿನ ಜ್ವಾಲೆಗೆ ತಾಗಿಸದೆ, ಬದಿಯಲ್ಲಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಅಂಚು ಹೊಳೆಯಲು ಶುರುವಾದರೆ ಸಾಕು, ಹನಿಯಬಾರದು. ತಕ್ಷಣ ಕಡ್ಡಿಯ ಮೇಲೆ ಕೂರಿಸಿ, ಅಲ್ಲಾಡಿಸದೆ ಒಂದು ನಿಮಿಷ ತಣಿಯಲು ಬಿಟ್ಟು ಎಳೆಯಿರಿ. ಇದನ್ನು ನೇರ ಸಾಕೆಟ್ಟಿನ ಮೇಲೆಯೇ ಕಲಿಯಬೇಡಿ. ಮನೆಯಲ್ಲಿ ಹಾಳಾದ ಇಯರ್‌ಫೋನ್ ಇಲ್ಲದವರು ಯಾರು? ಅದರ ಪಿನ್ ಮುರಿದು ಎರಡು ಸಲ ಅಭ್ಯಾಸ ಮಾಡಿಕೊಳ್ಳಿ.

ಕಡ್ಡಿಯೇ ಕಾಣದೆ, ನಡುವಿನಲ್ಲಿ ಪ್ಲಾಸ್ಟಿಕ್ ಮಾತ್ರ ಕಾಣುತ್ತಿದ್ದರೆ ರೀಫಿಲ್ಲಿನಿಂದ ಆಗುವುದಿಲ್ಲ. ಕೈಯಲ್ಲಿ ತಿರುಗಿಸುವ 0.8 ಅಥವಾ 1 ಮಿ.ಮೀ. ಡ್ರಿಲ್ ಬಿಟ್ಟನ್ನು ಆ ಪ್ಲಾಸ್ಟಿಕ್ಕಿಗೆ ಎರಡು ಮೂರು ಸುತ್ತು ಕಚ್ಚಿಸಿ ಎಳೆಯಬಹುದು. ಹಿತ್ತಾಳೆಯನ್ನು ಕೊರೆಯಬೇಡಿ, ಅದರ ಪುಡಿ ಒಳಗೆ ಬಿದ್ದರೆ ಎರಡು ಸ್ಪ್ರಿಂಗಿನ ನಡುವೆ ಶಾರ್ಟ್ ಆಗುತ್ತದೆ. ಮೋಟರ್ ಡ್ರಿಲ್ ಅಂತೂ ಹತ್ತಿರ ತರಲೇಬೇಡಿ.

ಇದಕ್ಕಿಂತ ಒಳ್ಳೆಯ ದಾರಿ ಹಿಂದಿನಿಂದ. ಹಲವು ಲ್ಯಾಪ್‌ಟಾಪುಗಳಲ್ಲಿ ಈ ಸಾಕೆಟ್ ಬದಿಯ ಒಂದು ಸಣ್ಣ ಬೋರ್ಡಿನಲ್ಲಿ ಇರುತ್ತದೆ. ಅಡಿಯ ಮುಚ್ಚಳ ಬಿಚ್ಚಿ, ಬೇರೆ ಯಾವುದನ್ನೂ ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆದು, ಸಾಕೆಟ್ಟಿನ ಹಿಂಬದಿ ನೋಡಿ. ಅಲ್ಲಿ ತೂತು ಇದ್ದರೆ ನೇರ ಮಾಡಿದ ಪೇಪರ್ ಕ್ಲಿಪ್ಪಿನಿಂದ ಒಂದು ಸಲ ಒತ್ತಿದರೆ ತುಂಡು ಹೊರಗೆ ಬೀಳುತ್ತದೆ. ಕೆಲವು ಸಾಕೆಟ್ಟುಗಳ ಹಿಂಬದಿ ಮುಚ್ಚಿರುತ್ತದೆ; ನೀರು ತಡೆಯುವ ಫೋನುಗಳಲ್ಲಂತೂ ಹಾಗೆಯೇ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ, ಅಂಟಿಸಿದ ಸ್ಕ್ರೀನ್ ಒಡೆಯುತ್ತದೆ. ಅಂಗಡಿಯಲ್ಲಿ ಇಡೀ ಬೋರ್ಡ್ ಬದಲಿಸಬೇಕು ಅಂದರೆ, ಸಾಕೆಟ್ ಮಾತ್ರ ಬದಲಿಸಲಿಕ್ಕೆ ಆಗುತ್ತದಾ, ಅದು ಬೇರೆ ಬೋರ್ಡಿನಲ್ಲಿ ಉಂಟಾ ಅಂತ ಕೇಳಿ, ಹಳೆಯದನ್ನು ವಾಪಸು ಕೊಡಲಿಕ್ಕೂ ಹೇಳಿ.

ತುಂಡು ಬಂದ ಕೂಡಲೇ ಖುಷಿಯಲ್ಲಿ ಎಸೆಯಬೇಡಿ. ಮುರಿದ ಪಿನ್ನನ್ನೂ ತುಂಡನ್ನೂ ಸೇರಿಸಿ ಬಿಳಿ ಕಾಗದದ ಮೇಲೆ, ಅಷ್ಟೇ ಗೆರೆ ಇರುವ ಒಳ್ಳೆಯ ಪಿನ್ನಿನ ಪಕ್ಕದಲ್ಲಿ ಇಟ್ಟು ನೋಡಿ. ಉದ್ದ ಸರಿ ಹೊಂದಬೇಕು, ಪ್ಲಾಸ್ಟಿಕ್ ಬಳೆಗಳ ಲೆಕ್ಕವೂ ಸರಿಯಾಗಬೇಕು. ಒಂದು ಬಳೆ ಕಡಿಮೆ ಇದ್ದರೆ ಅದು ಒಳಗೇ ಉಂಟು. ಆಮೇಲೆ ಹೊಸ ಪಿನ್ನಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಒರೆಸಿ ಐದಾರು ಸಲ ಹಾಕಿ ತೆಗೆದು, ಹದಿನೈದು ನಿಮಿಷ ಒಣಗಿಸಿ ಆನ್ ಮಾಡಿ. ಪಿನ್ ಇಲ್ಲದಾಗಲೂ ಹೆಡ್‌ಫೋನ್ ಚಿಹ್ನೆ ಹೋಗದಿದ್ದರೆ, ಸ್ಪೀಕರ್ ಮಾತಾಡದಿದ್ದರೆ, ಪಿನ್ ಬಂತೋ ಇಲ್ಲವೋ ಅಂತ ಗುರುತಿಸುವ ಸ್ವಿಚ್ ಬಾಗಿದೆ ಅಥವಾ ಕೊಳೆ ಹಿಡಿದಿದೆ. ಆಗ ಸಾಕೆಟ್ ಬದಲಿಸುವುದೇ ಸರಿ. ಅಲ್ಲಿಯವರೆಗೆ ಬ್ಲೂಟೂತ್ ಸ್ಪೀಕರ್, ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಸಣ್ಣ ಸೌಂಡ್ ಕಾರ್ಡ್ ಸಾಕು.

ಭಜನೆಗೆ, ಯಕ್ಷಗಾನ ಆಟದ ರೆಕಾರ್ಡಿಂಗಿಗೆ ಲ್ಯಾಪ್‌ಟಾಪ್ ಒಯ್ಯುವವರು ಮಿಕ್ಸರಿನ ವಯರನ್ನು ನೇರ ಚುಚ್ಚಬೇಡಿ. ನಡುವೆ ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ವಯರ್ ಹಾಕಿ, ಲ್ಯಾಪ್‌ಟಾಪಿನ ಕಡೆಗೆ ಎಲ್ ಆಕಾರದ ಪಿನ್ ಇರಲಿ. ಕಾಲು ಸಿಕ್ಕಿದರೆ ಬಿಟ್ಟುಕೊಳ್ಳುವುದು ನಡುವಿನ ಜೋಡಣೆ. ಮುರಿದರೂ ತುಂಡು ಸಿಕ್ಕಿಕೊಳ್ಳುವುದು ಎಸೆಯಬಹುದಾದ ಆ ವಯರಿನ ಒಳಗೆ.